ಮೀಟರಿನ ಹೆಸರಲ್ಲಿ ಒಂದು ಅರ್ಚನೆ

ರಂಗನಾಯಕಿ: ಒಂದ್ ಅರ್ಚನೆ ಮಾಡಿಸ್ಬಿಡಿ ಅಂತ ಬೆಳಗ್ಗಿಂದ ಹೇಳ್ತಿದೀನಿ. ನನ್ ಮಾತು ಕಿವಿಗೇ ಹಾಕ್ಕೊಳಲ್ಲ ನೀವು.

ವಿಶಾಲಮ್ಮ: ಕಾರಿನ ಮೀಟ್ರು ಕೆಟ್ರೆ ಮೆಕ್ಯಾನಿಕ್ ಕರೀತಾರೆ. ಅರ್ಚಕರನ್ನಲ್ಲ.

ರಂಗನಾಯಕಿ: ಮೆಕ್ಯಾನಿಕ್ ಮೂರ್ ದಿನ ಗಾಡಿ ಇಟ್ಕೋತಾನೆ. ಗಣಪತಿ ಒಂದೇ ರಾತ್ರೀಲಿ ಸರಿ ಮಾಡಿದಾನೆ. ಒಂದ್ಸಲ ಅಲ್ಲ, ಮೂರ್ಸಲ.

ವಿಶಾಲಮ್ಮ: ಯಾವ ಮೂರ್ಸಲ?

ರಂಗನಾಯಕಿ: ನಿಮ್ಮೆಜಮಾನ್ರು ಇದ್ದಾಗ. ನಮ್ಮ ದೊಡ್ಡ ಮಗಳು ಶ್ರೀವಿದ್ಯಾನ್ನ ಹೆರಿಗೆಗೆ ಕರ್ಕೊಂಡ್ ಹೋಗೋಕೆ ಕಾರ್ ಕೇಳ್ದೆ, ಮೀಟರ್ ಸತ್ತೋಗಿದೆ ಅಂದ್ರು. ಮಗು ನಾಮಕರಣಕ್ಕೆ ಕೇಳ್ದೆ, ಸತ್ತೋಗಿದೆ ಅಂದ್ರು. ಇನ್ನೊಂದ್ಸಲ ಬನಶಂಕರಿಗೆ. ಮೂರ್ಸಲಾನೂ ಪಾಪ ಅನ್ಸಿ ಅರ್ಚನೆ ಮಾಡಿಸ್ದೆ. ಮಾರನೇ ದಿನ ಎದ್ದು ನೋಡಿದ್ರೆ ಅವ್ರು ಕಾರಲ್ಲಿ ಜುಮ್ ಅಂತ ಹೋಗ್ತಿದಾರೆ.

ವಿಶಾಲಮ್ಮ: ಯಾರ್ ಹೆಸ್ರಲ್ಲಿ ಮಾಡ್ಸಿದ್ರಿ?

ರಂಗನಾಯಕಿ: ಕಾರಿನ ಹೆಸ್ರಲ್ಲೇ. ಅರ್ಚಕರು ನಕ್ಷತ್ರ ಕೇಳಿದ್ರು. ನಂಬರ್ ಪ್ಲೇಟ್ ಹೇಳ್ದೆ.

ವಿಶಾಲಮ್ಮ: ಗೋತ್ರ?

ರಂಗನಾಯಕಿ: ಪೆಟ್ರೋಲ್ ಗಾಡಿ ಅಂದೆ.

ಚಾಮರಾಜಪೇಟೆಯ ಆ ಸಣ್ಣ ಕಾಂಪೌಂಡಿನಲ್ಲಿ ಕಾರು ನಿಂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ಕಾರಿನ ಒಂದು ಪಕ್ಕ ವಿಶಾಲಮ್ಮ, ಇನ್ನೊಂದು ಪಕ್ಕ ನೆರೆಮನೆಯ ರಂಗನಾಯಕಿ. ನಡುವೆ ಮೀಟರು ಸತ್ತ ಹಳೆಯ ಬಿಳಿ ಕಾರು. ಸ್ಪೀಡು ತೋರಿಸುವ ಮುಳ್ಳು ಮಲಗಿದೆ. ಪೆಟ್ರೋಲಿನ ಮುಳ್ಳು ಮಲಗಿದೆ. ದೀಪಗಳೆಲ್ಲ ಆರಿವೆ. ಕೀ ತಿರುಗಿಸಿದರೆ ಎಂಜಿನ್ನು ಮಾತ್ರ ಏನೂ ಆಗಿಲ್ಲವೆಂಬಂತೆ ಗುರ್ ಅನ್ನುತ್ತದೆ.

ವಿಶಾಲಮ್ಮನ ಗಂಡ ಮುನಿಸ್ವಾಮಿ ತೀರಿಕೊಂಡು ಎಂಟು ತಿಂಗಳು. ಹನ್ನೊಂದು ವರ್ಷ ಆ ಕಾರನ್ನು ಅವನೇ ಓಡಿಸಿದ್ದ. ಅವನು ಹೋದ ಮೇಲೆ ಅದರ ಕೆಳಗೆ ಬೆಕ್ಕು ಮರಿ ಹಾಕಿತು. ಮೈದುನ ಅನಿಲ್ ಕುಮಾರ್ ಅದನ್ನು ನೋಡಿ, ಗಾಡಿ ನಾನು ಒಯ್ಯುತ್ತೇನೆ ಎಂದ. ವಿಶಾಲಮ್ಮ ಐವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಕಲಿತಳು ಎಂದು ಅವಳು ಹೇಳುತ್ತಾಳೆ. ಬೀದಿಯವರು ಬೇರೆ ಹೇಳುತ್ತಾರೆ. ಕಲಾಸಿಪಾಳ್ಯಕ್ಕೆ ತರಕಾರಿಗೆ ನಡೆದು ಹೋದರೆ ಹತ್ತು ನಿಮಿಷ. ಕಾರಿನಲ್ಲಿ ಹೋದರೆ ಐವತ್ತು. ಅವಳು ಕಾರಿನಲ್ಲೇ ಹೋಗುತ್ತಾಳೆ.

ಅದಕ್ಕೆ ಕಾರಣವಿತ್ತು. ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಅತ್ತರೆ ಯಾರಾದರೂ ನೀರು ಹಿಡಿದು ಬರುತ್ತಾರೆ. ರಂಗನಾಯಕಿಯಂತೂ ಗೋಡೆಯಾಚೆಯಿಂದಲೇ ಸಮಾಧಾನ ಹೇಳುತ್ತಾಳೆ. ಕಾರಿನಲ್ಲಿ ಗಾಜು ಏರಿಸಿಕೊಂಡರೆ ಯಾರಿಗೂ ಕೇಳದು. ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗ ಅಳುತ್ತಾಳೆ. ಹಸಿರು ಬಂದರೆ ನಿಲ್ಲಿಸುತ್ತಾಳೆ.

ನಿನ್ನೆ ಅನಿಲ್ ಕುಮಾರ್ ಫೋನು ಮಾಡಿದ್ದ. ನಾಳೆ ಹನ್ನೊಂದಕ್ಕೆ ಬಂದು ಗಾಡಿ ನೋಡುತ್ತೇನೆ, ಚೆನ್ನಾಗಿಟ್ಟುಕೊಂಡಿದ್ದರೆ ನಿಮ್ಮದು, ಕೆಟ್ಟು ನಿಂತಿದ್ದರೆ ನಾನು ಒಯ್ಯುತ್ತೇನೆ ಎಂದಿದ್ದ. ಇವತ್ತು ಬೆಳಗ್ಗೆ ಮೀಟರು ಸತ್ತಿತು. ಈಗ ಹತ್ತು ಗಂಟೆ.

ಗೇಟಿನ ಹೊರಗೆ ಸ್ಕೂಟರು ನಿಂತಿತು. ವೈರಿಂಗ್ ಕೆಲಸದ ನಂದೀಶ್ ಹೆಲ್ಮೆಟ್ಟು ತೆಗೆದು ಒಳಗೆ ಬಂದ.

ನಂದೀಶ್: ಏನಾಯ್ತಮ್ಮ?

ವಿಶಾಲಮ್ಮ: ಸತ್ತೋಯ್ತು.

ನಂದೀಶನ ಕಣ್ಣು ಅವಳ ಹಣೆಯ ಮೇಲೆ ಹೋಯಿತು. ಅಲ್ಲಿಂದ ಒಳಗೆ ಹಾರ ಹಾಕಿದ ಫೋಟೋದ ಮೇಲೆ ಹೋಯಿತು.

ನಂದೀಶ್: ಛೆ. ಯಾವಾಗಮ್ಮ?

ವಿಶಾಲಮ್ಮ: ಇವತ್ ಬೆಳಗ್ಗೆ.

ನಂದೀಶ್: ಇವತ್ತೇನಾ? ನಾನ್ ಇನ್ನೊಂದಿನ ಬರ್ತೀನಿ ಬಿಡಿ. ಪಾಪ, ನೀವು ಈ ಟೈಮಲ್ಲಿ ಕಾರ್ ಚಿಂತೆ ಯಾಕ್ ಮಾಡ್ತೀರ.

ವಿಶಾಲಮ್ಮ: ಮೀಟ್ರಪ್ಪ ಸತ್ತಿದ್ದು. ಅವ್ರು ಓಗಿ ಎಂಟ್ ತಿಂಗ್ಳಾಯ್ತು. ಬಾ ಒಳ್ಗೆ.

ನಂದೀಶ್ ಬಾಗಿಲು ತೆಗೆದು ಡ್ರೈವರ್ ಸೀಟಿನ ಅಂಚಿಗೆ ಕೂತ. ಕೀ ತಿರುಗಿಸಿದ. ಹಾರನ್ನು ಒತ್ತಿದ. ಹಾರನ್ನು ಬೀದಿಗೆಲ್ಲ ಕೇಳಿತು.

ನಂದೀಶ್: ಬ್ಯಾಟರಿ ಚೆನ್ನಾಗೈತೆ.

ರಂಗನಾಯಕಿ: ಬ್ಯಾಟರಿ ಅಲ್ಲಪ್ಪ. ದೃಷ್ಟಿ.

ನಂದೀಶ್: ಹೆಡ್‌ಲೈಟೂ ಉರೀತೈತೆ. ವೈಪರ್ ಓಡ್ತೈತೆ. ಮೀಟರ್ ಬೋರ್ಡ್ ಒಂದೇ ಡೆಡ್ಡು. ಯಾವ್ ಜಾಗದಲ್ಲಿ ಹೋಯ್ತಮ್ಮ?

ವಿಶಾಲಮ್ಮ: ಕಲಾಸಿಪಾಳ್ಯದಿಂದ ಬರ್ತಾ ಇದ್ದೆ. ಅಲ್ಲೇ.

ನಂದೀಶ್: ಗುಂಡಿಗೆ ಇಳ್ಸಿದ್ರಾ?

ವಿಶಾಲಮ್ಮ: ಇಳ್ಸಿದೆ. ಯಾವ ಗುಂಡಿ ಅಂತ ಹೇಳ್ಲಿ.

ನಂದೀಶ್: ಆವಾಗ ಸ್ಪೀಡ್ ಎಷ್ಟಿತ್ತು?

ವಿಶಾಲಮ್ಮ: ಹನ್ನೆರಡು.

ನಂದೀಶ್: ಹನ್ನೆರಡಾ? ಓಡಿಸ್ತಿದ್ರಾ, ತಳ್ಕೊಂಡ್ ಬರ್ತಿದ್ರಾ?

ವಿಶಾಲಮ್ಮ: ನಾನು ಮೀಟ್ರು ನೋಡ್ಕೊಂಡೇ ಓಡ್ಸಾದು. ಹನ್ನೆರಡಿತ್ತು. ನೋಡ್ತಾ ನೋಡ್ತಾ ಸೊನ್ನೆ ಆಯ್ತು. ಸೊನ್ನೆ ಆಯ್ತಲ್ಲ, ನಿಂತೋಯ್ತು ಅನ್ಕೊಂಡು ಇಳ್ಯಕ್ಕೆ ಬಾಗ್ಲು ತೆಗ್ದೆ.

ನಂದೀಶ್: ಆಮೇಲೆ?

ವಿಶಾಲಮ್ಮ: ನಿಂತಿರ್ಲಿಲ್ಲ.

ರಂಗನಾಯಕಿ: ಸೊಪ್ಪು ಮಾರೋರು ಹಿಡ್ಕೊಂಡ್ರಂತೆ. ಕಾರನ್ನಲ್ಲ, ಇವ್ರನ್ನ. ಕಾರು ತಾನಾಗೇ ಫುಟ್‌ಪಾತ್ ಹತ್ರ ಹೋಗಿ ನಿಂತ್ಕೊಂಡಿದೆ. ಅದಕ್ಕಿರೋ ಬುದ್ಧಿ.

ವಿಶಾಲಮ್ಮ: ಬುದ್ಧಿ ಅಲ್ಲ. ಗಾಡಿ ಆಫ್ ಆಗಿತ್ತು. ಕ್ಲಚ್ ಬಿಟ್ಬಿಟ್ಟಿದ್ದೆ.

ನಂದೀಶ್: ಅಮ್ಮ, ಒಂದ್ ಮಾತು. ರಸ್ತೇನೂ ನೋಡ್ಬೇಕು.

ವಿಶಾಲಮ್ಮ: ರಸ್ತೆ ನೋಡಿದ್ರೆ ಭಯ ಆಯ್ತದೆ.

ನಂದೀಶ್ ಫ್ಯೂಸಿನ ಡಬ್ಬಿ ತೆಗೆದು ಒಂದೊಂದೇ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿದ. ಎಲ್ಲ ಸರಿಯಿತ್ತು. ಮೀಟರಿನ ಫ್ಯೂಸಿಗೆ ಟೆಸ್ಟರ್ ತಾಗಿಸಿದ. ಟೆಸ್ಟರ್ ಉರಿಯಿತು.

ನಂದೀಶ್: ಕರೆಂಟು ಇಲ್ಲಿವರ್ಗೂ ಬರ್ತೈತೆ. ಮೀಟರ್‌ಗೆ ಹೋಗ್ತಿಲ್ಲ. ನಡುವೆ ಎಲ್ಲೋ ಕಳ್ದೋಗ್ತೈತೆ.

ರಂಗನಾಯಕಿ: ಅದಕ್ಕೇ ಹೇಳಿದ್ದು. ಈಗ ಹೊರಟ್ರೂ ಮಂಗಳಾರತಿ ಹೊತ್ತಿಗೆ ಹೋಗ್ಬೋದು.

ವಿಶಾಲಮ್ಮ: ಸುಮ್ಕಿರಿ ರಂಗನಾಯಕಮ್ಮ. ಅನಿಲ ಬರೋದ್ರೊಳ್ಗೆ ಇದು ಉರೀಬೇಕು. ಇಲ್ದಿದ್ರೆ ಗಾಡಿ ಓಯ್ತದೆ.

ರಂಗನಾಯಕಿ: ಹೋದ್ರೆ ಹೋಗ್ಲಿ ಬಿಡಿ. ನಮ್ಮ ಬೀದೀಲಿ ಮಕ್ಕಳು ಮತ್ತೆ ಆಡೋಕೆ ಶುರು ಮಾಡ್ತಾರೆ.

ಮೊನ್ನೆ ವಿಶಾಲಮ್ಮ ರಿವರ್ಸ್ ತೆಗೆಯುವಾಗ ಮಕ್ಕಳು ಬ್ಯಾಟು ಬಿಟ್ಟು ಮೆಟ್ಟಿಲು ಹತ್ತಿದ್ದನ್ನು ಅವಳೇ ಕನ್ನಡಿಯಲ್ಲಿ ನೋಡಿದ್ದಳು.

ನಂದೀಶ್ ಬೆನ್ನ ಮೇಲೆ ಮಲಗಿ ತಲೆಯನ್ನು ಸ್ಟಿಯರಿಂಗಿನ ಕೆಳಗೆ ತೂರಿಸಿದ. ಕಾಲು ಕಾಂಪೌಂಡಿನಲ್ಲಿ ಉಳಿಯಿತು. ಬಹಳ ಹೊತ್ತು ಕಾಲು ಅಲುಗಲಿಲ್ಲ.

ನಂದೀಶ್: ಅಮ್ಮ, ಇಲ್ಲೊಂದ್ ವೈರ್ ಐತೆ. ಕಂಪನಿ ವೈರಲ್ಲ.

ವಿಶಾಲಮ್ಮ: ಮತ್ತೆ ಯಾರ್ದು?

ನಂದೀಶ್: ಯಾರೋ ಹೊರಗಿಂದ ಎಳ್ದಿದಾರೆ. ಜಾಯಿಂಟು ಎಂಗ್ ಸುತ್ತಿದಾರೆ ಅಂದ್ರೆ, ಲೈಟ್ ಕಂಬದ ಮೇಲೆ ಸುತ್ತಿದಂಗೆ. ಬಿರುಗಾಳಿ ಬಂದ್ರೂ ಬಿಚ್ಚಲ್ಲ.

ವಿಶಾಲಮ್ಮ: ನಮ್ಮೋರು ಲೈನ್‌ಮ್ಯಾನು.

ನಂದೀಶ್: ಹಂಗಾದ್ರೆ ಅವ್ರೇ. ಈ ವೈರು ಒಂದ್ ಸ್ವಿಚ್ಚಿಗೆ ಹೋಗೈತೆ. ಸ್ವಿಚ್ಚಿಗೆ ಒಂದ್ ಚೀಲ ನೇತಾಕಿದಾರೆ.

ವಿಶಾಲಮ್ಮ: ಅದು ಕೊಕ್ಕೆ.

ನಂದೀಶ್: ಕೊಕ್ಕೆ ಅಲ್ಲಮ್ಮ, ಸ್ವಿಚ್ಚು.

ವಿಶಾಲಮ್ಮ: ಮೂರ್ ತಿಂಗ್ಳಿಂದ ಅದಕ್ಕೇ ಚೀಲ ನೇತಾಕ್ತಿದೀನಿ. ಪಾಪ, ನನ್ನ ಚೀಲಕ್ಕೆ ಅಂತ ಕೊಕ್ಕೆ ಇಟ್ಟಿದಾರೆ ಅನ್ಕೊಂಡಿದ್ದೆ.

ನಂದೀಶ್: ಇವತ್ ಚೀಲದಲ್ಲಿ ಏನೈತೆ?

ವಿಶಾಲಮ್ಮ: ಎರಡ್ ತೆಂಗಿನಕಾಯಿ. ಅರ್ಧ ಬೂದುಗುಂಬಳ.

ನಂದೀಶ್: ಅಲ್ಲಿಗಾಯ್ತು. ಭಾರಕ್ಕೆ ಸ್ವಿಚ್ ಕೆಳಗ್ ಬಿದ್ದೈತೆ.

ಚೀಲ ಹೊರಗೆ ಬಂತು. ನಂದೀಶ್ ಸ್ವಿಚ್ಚನ್ನು ಮೇಲಕ್ಕೆತ್ತಿದ. ಟಕ್ ಎಂದಿತು. ಮೀಟರಿನಲ್ಲಿ ಹಳದಿ ಕೆಂಪು ದೀಪಗಳು ಒಟ್ಟಿಗೆ ಹತ್ತಿದವು. ಪೆಟ್ರೋಲಿನ ಮುಳ್ಳು ನಿದ್ದೆಯಿಂದ ಎದ್ದವನ ಹಾಗೆ ಮೆಲ್ಲಗೆ ಎದ್ದು ಅರ್ಧಕ್ಕೆ ಬಂದು ನಿಂತಿತು.

ವಿಶಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಗಾಡಿ ಉಳಿಯಿತು. ಹತ್ತೂಕಾಲು.

ನಂದೀಶ್: ಆದ್ರೆ ಈ ಸ್ವಿಚ್ ಯಾತಕ್ಕೆ ಅಂತ ಗೊತ್ತಾಗ್ಲಿಲ್ಲ. ಮೀಟರ್ ಆಫ್ ಮಾಡೋಕೆ ಯಾರಾದ್ರೂ ಸ್ವಿಚ್ ಇಡ್ತಾರಾ? ಇಲ್ಲೇನೋ ಬರ್ದಿದಾರೆ.

ಮುನಿಸ್ವಾಮಿಗೆ ಬರೆಯುವ ಅಭ್ಯಾಸವಿತ್ತು. ಮನೆಯ ಕರೆಂಟು ಬೋರ್ಡಿನಲ್ಲಿ ಒಂದೊಂದು ಫ್ಯೂಸಿಗೂ ಬಿಳಿ ಪ್ಲಾಸ್ಟರು ಅಂಟಿಸಿ, ಅಡಿಗೆಮನೆ, ಬಚ್ಚಲು, ದೇವರು ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದ. ಇದಕ್ಕೂ ಹಾಗೆಯೇ ಪ್ಲಾಸ್ಟರು ಅಂಟಿಸಿದ್ದ. ಕೂತವರಿಗೆ ಕಾಣದು. ಮಲಗಿದವರಿಗೆ ಕಾಣುತ್ತದೆ.

ರಂಗನಾಯಕಿ: ಏನ್ ಬರ್ದಿದಾರಪ್ಪ? ಓದು.

ನಂದೀಶ್: ಬ್ಯಾಡ ಬಿಡಿ.

ರಂಗನಾಯಕಿ: ಓದೋ.

ನಂದೀಶ್: ಮೇಲೆ, ನಾವು. ಕೆಳಗೆ, ನೆಂಟರು.

ಹೂವಿನವಳು ಕೂಗಿಕೊಂಡು ಬೀದಿಯ ಕೊನೆಯವರೆಗೂ ಹೋದಳು.

ರಂಗನಾಯಕಿ: ಶ್ರೀವಿದ್ಯಾ ಹೆರಿಗೆ ನೋವು ತಿಂತಿದ್ಲು. ಆಟೋದಲ್ಲಿ ಕರ್ಕೊಂಡ್ ಹೋದ್ವಿ.

ವಿಶಾಲಮ್ಮ: ಅವ್ರೇ ಓಡೋಗಿ ಆಟೋ ತಂದ್ರಲ್ಲ.

ರಂಗನಾಯಕಿ: ತಂದ್ರು. ಆಸ್ಪತ್ರೆ ಬಾಗಿಲವರ್ಗೂ ಬಂದ್ರು. ರಾತ್ರಿಯೆಲ್ಲಾ ಕೂತಿದ್ರು. ಅಷ್ಟ್ ಮಾಡೋರು ಕಾರ್ ಕೊಡೋಕೇನ್ರೀ ಧಾಡಿ?

ವಿಶಾಲಮ್ಮ: ಸೀಟು ಕೊಳೆ ಆಯ್ತದೆ ಅಂತ ಇರ್ಬೇಕು. ಅವ್ರಿಗೆ ಸೀಟಿನ ಮೇಲೆ ಜೀವ.

ರಂಗನಾಯಕಿ: ಹೋಗ್ಲಿ, ನಾನು ನೆಂಟಳೇ ಅಲ್ಲ. ಪಕ್ಕದ್ಮನೆಯೋಳು. ನನಗೆ ಬೇರೆ ಸ್ವಿಚ್ ಇಡ್ಬೇಕಿತ್ತು.

ನಂದೀಶ್: ಇನ್ನೊಂದ್ ಹುಡುಕ್ಲಾ?

ರಂಗನಾಯಕಿ: ನೀನ್ ಸುಮ್ನಿರೋ. ನಾನು ಮೂರ್ ಅರ್ಚನೆ ಮಾಡ್ಸಿದೀನಿ. ಊರಿಗೆಲ್ಲಾ ಹೇಳ್ಕೊಂಡ್ ಬಂದಿದೀನಿ. ಎದುರ್ಮನೆ ಪಿಳ್ಳಮ್ಮನ ಮಿಕ್ಸಿ ಕೆಟ್ಟಾಗ ಅದಕ್ಕೂ ಮಾಡ್ಸು ಅಂತ ಕಳಿಸಿದೀನಿ.

ವಿಶಾಲಮ್ಮ: ಮಿಕ್ಸಿ ಸರಿ ಓಯ್ತಾ?

ರಂಗನಾಯಕಿ: ಇಲ್ಲ. ಅವಳಿಗೆ ನಂಬಿಕೆ ಸಾಲ್ದು ಅಂತ ಬೈದು ಬಂದಿದೀನಿ.

ವಿಶಾಲಮ್ಮನಿಗೆ ನಗು ಬಂತು. ಎಂಟು ತಿಂಗಳಲ್ಲಿ ಬಾರದ ನಗು. ಬಂದದ್ದು ಅರ್ಧಕ್ಕೇ ನಿಂತಿತು. ಏನೋ ನೆನಪಾಯಿತು.

ವಿಶಾಲಮ್ಮ: ಹೊಸಕೋಟೇಲಿ ನಮ್ಮಣ್ಣನ ಮನೆ ಗೃಹಪ್ರವೇಶಕ್ಕೆ ಬಸ್ಸಲ್ಲಿ ಓಗಿದ್ವಿ.

ರಂಗನಾಯಕಿ: ಅದಕ್ಕೇನೀಗ?

ವಿಶಾಲಮ್ಮ: ಅವತ್ತೂ ಮೀಟ್ರು ಸತ್ತಿತ್ತು. ರೇಷ್ಮೆ ಸೀರೆ ಉಟ್ಕೊಂಡು, ಹಿತ್ತಾಳೆ ದೀಪ ತೊಡೆ ಮೇಲಿಟ್ಕೊಂಡು, ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿದ್ದೆ. ಪಾಪ, ಅವ್ರಿಗೂ ಬೇಜಾರಾಗಿದೆ ಅನ್ಕೊಂಡು ನಾನೇ ಸಮಾಧಾನ ಮಾಡ್ದೆ. ಬಸ್ಸಲ್ಲೇ ಆರಾಮು ಬಿಡ್ರಿ ಅಂದೆ.

ರಂಗನಾಯಕಿ: ಅಂದ್ರೆ ನೀವೂ ನೆಂಟ್ರ ಲೆಕ್ಕದಲ್ಲೇ ಬಂದ್ರಿ.

ವಿಶಾಲಮ್ಮ: ಬಂದೆ. ಮೂವತ್ ವರ್ಷ ಅನ್ನ ಇಕ್ಕಿದ ನೆಂಟ್ರು.

ರಂಗನಾಯಕಿ: ಮತ್ತೆ ನಾವು ಅಂತ ಬರ್ದಿದಾರಲ್ಲ. ನಾವು ಅಂದ್ರೆ ಯಾರು?

ವಿಶಾಲಮ್ಮ: ಅವ್ರೂ ಕಾರೂ ಇರ್ಬೇಕು.

ನಂದೀಶ್ ಎದ್ದು ಕೂತು ತಲೆಯ ಧೂಳು ಕೊಡವಿಕೊಂಡ.

ನಂದೀಶ್: ಯಜಮಾನ್ರು ಭಾಳ ಮೃದು ಮನುಷ್ಯ ಅನ್ಸುತ್ತೆ.

ವಿಶಾಲಮ್ಮ: ಎಂಗ್ ಗೊತ್ತಾಯ್ತು?

ನಂದೀಶ್: ಇಲ್ಲ ಅನ್ನೋಕಾಗ್ದೆ ಇಷ್ಟೆಲ್ಲಾ ವೈರಿಂಗ್ ಮಾಡಿದಾರಲ್ಲ.

ಅದು ನಿಜವಾಗಿತ್ತು. ಮುನಿಸ್ವಾಮಿ ಯಾರಿಗೂ ಇಲ್ಲ ಅಂದವನಲ್ಲ. ವಿಶಾಲಮ್ಮ ಮದುವೆಯಾಗಿ ಬಂದ ಮೊದಲ ವರ್ಷವೇ ಅದನ್ನು ಕಂಡಿದ್ದಳು. ಅವನಿಗೆ ಅದು ಹೇಗೆ ಸಾಧ್ಯವಾಯಿತೆಂದು ಮಾತ್ರ ಇವತ್ತು ತಿಳಿಯಿತು.

ಹನ್ನೊಂದಕ್ಕೆ ಸರಿಯಾಗಿ ಅನಿಲ್ ಕುಮಾರ್ ಬಂದ. ಬಿಳಿ ಷರಟು, ಎರಡು ಫೋನು. ಸೈಟು ವ್ಯವಹಾರದವನು. ಯಾವುದನ್ನು ನೋಡಿದರೂ ಉದ್ದ ಅಗಲ ನೋಡುತ್ತಾನೆ. ಕಾರನ್ನೂ ಹಾಗೆಯೇ ಸುತ್ತಿ ನೋಡಿದ. ವಿಶಾಲಮ್ಮ ಡ್ರೈವರ್ ಸೀಟಿನಲ್ಲಿ ಕೂತು ಎಂಜಿನ್ನು ಶುರು ಮಾಡಿ ತೋರಿಸಿದಳು. ಮೀಟರು ದೇವರಮನೆಯ ಹಾಗೆ ಬೆಳಗುತ್ತಿತ್ತು.

ಅನಿಲ್: ಅಬ್ಬಬ್ಬ. ಫುಲ್ ಕಂಡೀಷನ್ ಐತಲ್ಲ ಅತ್ತಿಗೆ.

ವಿಶಾಲಮ್ಮ: ಐತೆ. ನೋಡಾಯ್ತಲ್ಲ. ಕಾಫಿ ಕುಡ್ಕೊಂಡ್ ಓಗು.

ಅನಿಲ್: ಇಷ್ಟ್ ಚೆನ್ನಾಗೈತೆ ಅಂದ್ರೆ ಬಿಡಕ್ಕಾಯ್ತದಾ? ಮಗ್ಳು ಯಶಶ್ರೀ ಕಾಲೇಜಿಗೆ ಓಗಕ್ಕೆ ಒಂದ್ ಗಾಡಿ ಬೇಕು ಅಂತ ಕೂತವ್ಳೆ. ಇದೇ ತಗೊಂಡ್ ಓಯ್ತೀನಿ.

ವಿಶಾಲಮ್ಮ: ಚೆನ್ನಾಗಿದ್ರೆ ನಿಮ್ದು ಅಂತ ನೀನೇ ಅಂದಿದ್ದೆ.

ಅನಿಲ್: ಕೆಟ್ಟಿರ್ತದೆ ಅನ್ಕೊಂಡು ಅಂದಿದ್ದು ಅತ್ತಿಗೆ.

ವಿಶಾಲಮ್ಮ: ಕೆಟ್ಟಿದ್ರೆ ತಗೊಂಡ್ ಓಯ್ತೀನಿ ಅಂದೆ.

ಅನಿಲ್: ಕೆಟ್ಟಿದ್ರೆ ಗುಜರಿಗೆ. ಚೆನ್ನಾಗಿದ್ರೆ ಮನೆಗೆ.

ಬೆಳಗ್ಗೆಯಿಂದ ಮೆಕ್ಯಾನಿಕ್ಕನ್ನು ಕರೆಸಿ, ಒದ್ದಾಡಿ, ಅನಿಲ್ ಒಯ್ಯಲು ಗಾಡಿ ತಯಾರು ಮಾಡಿ ಕೊಟ್ಟಿದ್ದು ತಾನೇ ಎಂದು ವಿಶಾಲಮ್ಮನಿಗೆ ಹೊಳೆಯಿತು. ತನ್ನ ಬುದ್ಧಿಗೆ ತಾನೇ ಒಂದು ಹಾರ ಹಾಕಬೇಕೆನಿಸಿತು. ಬಲಗೈ ಮೊಣಕಾಲಿನ ಪಕ್ಕಕ್ಕೆ ಇಳಿಯಿತು. ಟಕ್ ಎಂದಿತು.

ವಿಶಾಲಮ್ಮ: ಸತ್ತೋಯ್ತು.

ಅನಿಲ್: ಏನು?

ವಿಶಾಲಮ್ಮ: ಮೀಟ್ರು. ನೋಡು.

ಅನಿಲ್ ಬಗ್ಗಿ ನೋಡಿದ. ರಂಗನಾಯಕಿ ತುಳಸಿಕಟ್ಟೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಂದೀಶ್ ಸ್ಪ್ಯಾನರುಗಳನ್ನು ಎಣಿಸತೊಡಗಿದ.

ಅನಿಲ್: ಅಣ್ಣನ ಕಾಲದಲ್ಲೂ ಇಂಗೇಯ. ನಾನ್ ಯಾವಾಗ್ ಬಂದ್ರೂ ಇದು ಸಾಯ್ತಿತ್ತು. ನಾನ್ ಕಾಲಿಟ್ಟ ಗಳಿಗೆ ಸರಿಯಿಲ್ಲ ಅಂತ ಎಷ್ಟೋ ಸಲ ಬೇಜಾರ್ ಮಾಡ್ಕೊಂಡಿದೀನಿ.

ರಂಗನಾಯಕಿ: ಅರ್ಚನೆ ಮಾಡಿಸ್ಬೇಕಿತ್ತು.

ಅನಿಲ್: ಮಾಡ್ಸಿದೀನಿ ಅಮ್ಮಾವ್ರೆ. ನನ್ನ ಹೆಸ್ರಲ್ಲೇ. ಹೋಗ್ಲಿ, ಪರವಾಗಿಲ್ಲ ಅತ್ತಿಗೆ. ಸತ್ರೂ ತಗೊಂಡ್ ಓಯ್ತೀನಿ. ನಮ್ ಕಡೆ ಗ್ಯಾರೇಜ್ ಐತೆ. ಕೀ ಕೊಡಿ.

ಅವನು ಕೈ ಚಾಚಿದ. ಇಲ್ಲಿಂದಾಚೆಗೆ ಮುನಿಸ್ವಾಮಿಯ ಸ್ವಿಚ್ಚಿನಿಂದ ಏನೂ ಆಗುವಂತಿರಲಿಲ್ಲ. ವಿಶಾಲಮ್ಮ ಎಂಜಿನ್ನು ಆರಿಸಿದಳು. ಕೀ ತೆಗೆದಳು. ಮುಷ್ಟಿಯಲ್ಲಿ ಹಿಡಿದಳು.

ವಿಶಾಲಮ್ಮ: ಕೊಡಲ್ಲ.

ಅನಿಲ್: ಅಂಗಂದ್ರೆ?

ವಿಶಾಲಮ್ಮ: ಅಂಗಂದ್ರೆ ಕೊಡಲ್ಲ.

ಅನಿಲ್ ಕುಮಾರ್ ಆ ಮನೆಯಲ್ಲಿ ಆ ಮಾತನ್ನು ಮೊದಲ ಸಲ ಕೇಳಿದ್ದ. ಎರಡೂ ಫೋನು ಜೇಬಿಗೆ ಹಾಕಿದ.

ಅನಿಲ್: ಬೈಕೋಬೇಡಿ ಅತ್ತಿಗೆ. ನಿಮ್ಗೆ ಯಾತಕ್ಕೆ ಕಾರು? ಕಲಾಸಿಪಾಳ್ಯಕ್ಕೆ ನಡ್ಕೊಂಡೇ ಓಗ್ಬೋದು.

ವಿಶಾಲಮ್ಮ: ಅಳಕ್ಕೆ.

ಅನಿಲ್: ಏನು?

ವಿಶಾಲಮ್ಮ: ಅಳಕ್ಕೆ ಬೇಕು. ಗಾಜು ಏರ್ಸ್ಕೊಂಡು ಅಳ್ತೀನಿ. ಮನೇಲಿ ಬಿಡಲ್ಲ ಯಾರೂ.

ರಂಗನಾಯಕಿ ಬಾಯಿಂದ ಸೆರಗು ತೆಗೆದಳು. ಅನಿಲ್ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟ. ಅವನೂ ಮುನಿಸ್ವಾಮಿಯ ತಮ್ಮನೇ.

ಅನಿಲ್: ಇಟ್ಕೊಳಿ. ಯಶಶ್ರೀಗೆ ಬೇರೆ ನೋಡ್ತೀನಿ. ಆ ಮೀಟ್ರು ಮಾತ್ರ ರೆಡಿ ಮಾಡಿಸ್ಕೊಳಿ.

ಕಾಫಿ ಕುಡಿಯದೆಯೇ ಹೋದ. ಗೇಟಿನ ಚಿಲಕ ಬಿದ್ದ ಸದ್ದಾದ ಮೇಲೆ ರಂಗನಾಯಕಿ ಬಾಯಿ ಬಿಟ್ಟಳು.

ರಂಗನಾಯಕಿ: ಇಲ್ಲ ಅನ್ನೋದು ಇಷ್ಟೇನಾ? ಅರ್ಧ ನಿಮಿಷ ಆಗ್ಲಿಲ್ಲ. ಇಷ್ಟಕ್ಕೆ ಹನ್ನೊಂದ್ ವರ್ಷ ವೈರು ಎಳ್ದಿಟ್ಟಿದ್ರಲ್ರೀ ನಿಮ್ಮೋರು.

ವಿಶಾಲಮ್ಮ: ಅವ್ರಿಗೆ ಬಾಯಿ ಬರ್ತಿರ್ಲಿಲ್ಲ. ನನಗ್ ಒಂದ್ ಮಾತು ಹೇಳಿದ್ರೆ ನಾನ್ ಅಂದ್ಬಿಡ್ತಿದ್ದೆ. ಯಾರಿಗ್ ಬೇಕಾದ್ರೂ ಅಂತಿದ್ದೆ.

ನಂದೀಶ್: ಹಂಗಾದ್ರೆ ಸ್ವಿಚ್ ಕಿತ್ತಾಕಿ ವೈರ್ ಡೈರೆಕ್ಟ್ ಮಾಡ್ಬಿಡ್ಲಾಮ್ಮ? ಇನ್ ಮೇಲೆ ಬೇಕಾಗಲ್ವಲ್ಲ.

ವಿಶಾಲಮ್ಮ: ಕಿತ್ತಾಕು. ನನಗ್ ಯಾಕೆ ಅದು.

ನಂದೀಶ್ ಕಟಿಂಗ್ ಪ್ಲೇಯರ್ ಹಿಡಿದು ಮತ್ತೆ ಕೆಳಗೆ ಮಲಗಿದ. ರಂಗನಾಯಕಿ ಕಾರನ್ನು ಬಳಸಿ ಈಚೆ ಬಂದು, ಬಾಗಿಲ ಮೇಲೆ ಕೈಯಿಟ್ಟು, ದನಿ ಇಳಿಸಿದಳು.

ರಂಗನಾಯಕಿ: ವಿಶಾಲಮ್ಮ, ಹೇಗೂ ಎಲ್ಲಾ ಸರಿಹೋಯ್ತಲ್ಲ. ನಮ್ಮ ಚಿಕ್ಕ ಮಗಳು ತನ್ಮಯಿ ಮದುವೆ ಕಾರ್ಡು ಸುಲ್ತಾನ್‌ಪೇಟೇಲಿ ರೆಡಿಯಾಗಿದೆ. ಆರ್ನೂರು ಕಾರ್ಡು, ಆಟೋದಲ್ಲಿ ತರೋಕಾಗಲ್ಲ. ಸಾಯಂಕಾಲ ಒಂದ್ ಹೆಜ್ಜೆ ಹೋಗ್ಬರೋಣ. ಅಲ್ಲಿಂದ ಹಂಚೋಕೆ ಮಲ್ಲೇಶ್ವರ, ಬಸವನಗುಡಿ, ದಿನಾ ಒಂದೊಂದ್ ಕಡೆ. ಒಂದ್ ಹದಿನೈದ್ ದಿನದ ಮಾತು, ಅಷ್ಟೇ.

ವಿಶಾಲಮ್ಮ ರಂಗನಾಯಕಿಯ ಮುಖ ನೋಡಿದಳು. ಬಾಯಿ ತೆರೆದಳು. ಮುಚ್ಚಿದಳು. ಇನ್ನೊಂದು ಸಲ ತೆರೆದಳು.

ವಿಶಾಲಮ್ಮ: ನಂದೀಶಪ್ಪ, ಕೀಳ್ಬ್ಯಾಡ. ಇರ್ಲಿ.

ರಂಗನಾಯಕಿ: ನಾನಿನ್ನೂ ಇಲ್ಲೇ ನಿಂತಿದೀನಿ ಕಣ್ರೀ.